ಇಪ್ಪತ್ತಮೂರು ನಿಮಿಷದ ಅಡುಗೆಮನೆ

ಸರಕೆಂದು ನೋಡಿದರೆ ವಿತೊಮಿರ್ ಮುದುಕನಿಗೆ ನಮ್ಮ ನೋವಿಸಾದ್ ಊರಿನ ಹಳೆ ಸಾಮಾನಿನ ಸಂತೆಯಲ್ಲಿ ದೊಡ್ಡ ಬೆಲೆ ಹುಟ್ಟುತ್ತಿರಲಿಲ್ಲ. ಎಪ್ಪತ್ತೆಂಟು ವರ್ಷ ಬಳಸಿದ ಮಾಲು. ಮಂಡಿ ಸವೆದಿತ್ತು, ಕೋಟಿನ ಗುಂಡಿಗಳು ಮೂರು ಬಗೆಯವು, ಹಲ್ಲು ಅರ್ಧ ಸ್ವಂತದ್ದು, ಅರ್ಧ ಕಟ್ಟಿಸಿದ್ದು. ಕಿವಿ ಮಾತ್ರ ಬೇರೆ ಕಾರ್ಖಾನೆಯಿಂದ ಬಂದಂತಿತ್ತು. ರೇಡಿಯೊ ನಾಟಕಗಳ ಧ್ವನಿಮುದ್ರಣದಲ್ಲಿ ಮೂವತ್ತಾರು ವರ್ಷ ಪಳಗಿದ ಕಿವಿಗಳು ಅವು. ಬಿಡಿಯಾಗಿ ಮಾರುವ ಹಾಗಿದ್ದರೆ ಆ ಜೋಡಿಯನ್ನು ನಾನು ಗಾಜಿನ ಕಪಾಟಿನಲ್ಲಿಟ್ಟು ಬೀಗ ಹಾಕುತ್ತಿದ್ದೆ.

ನನ್ನದು ಹಳೆ ಕಂಪ್ಯೂಟರುಗಳ ವ್ಯಾಪಾರ. ಒಂದು ಭಾನುವಾರ ಬೆಳಿಗ್ಗೆ, ಇನ್ನೂ ಜನ ಸೇರುವ ಮುಂಚೆ, ಅವನು ಮಳಿಗೆಯ ಮುಂದೆ ನಿಂತ.

"ಸದ್ದು ಮಾಡದ್ದು ಒಂದು ಬೇಕು."

"ಯಾವುದೂ ಸದ್ದು ಮಾಡಲ್ಲ, ಚಿಕಾ," ಎಂದೆ. ಅಪ್ಪನ ವಯಸ್ಸಿನವರೆಲ್ಲ ನಮಗೆ ಚಿಕಾಗಳೇ.

ಅವನು ಕಣ್ಣು ಮುಚ್ಚಿ ಒಂದು ಡಬ್ಬಕ್ಕೆ ಕಿವಿ ಹಚ್ಚಿದ. "ಇದರ ಫ್ಯಾನಿನ ಬೇರಿಂಗ್ ಒಣಗಿದೆ. ಈಸ್ಟರ್ ಕಾಣಲ್ಲ." ಪಕ್ಕದ್ದಕ್ಕೆ ಹಚ್ಚಿದ. "ಇದರ ಡಿಸ್ಕು ಕೆಮ್ತಾ ಇದೆ." ಹಿಂದೆ ನಿಂತಿದ್ದ ಇಬ್ಬರು ಗಿರಾಕಿಗಳು ಮೆಲ್ಲನೆ ಜಾಗ ಖಾಲಿ ಮಾಡಿದರು.

"ನಿಮಗೆ ಬೇಕಾಗಿರೋದು ಕಂಪ್ಯೂಟರಲ್ಲ ಚಿಕಾ, ಕಲ್ಲು."

"ಟೇಪಿನಲ್ಲಿರೋದನ್ನ ಕೇಳಿಸೋ ಕಲ್ಲಿದ್ರೆ ಅದನ್ನೇ ಕೊಡು, ಮೇಸ್ತ್ರಿ."

ಉಳಿದ ಗಿರಾಕಿಗಳನ್ನಾದರೂ ಉಳಿಸಿಕೊಳ್ಳೋಣವೆಂದು ಅವನನ್ನು ಒಳಗೆ ಕೂರಿಸಿ ಕಾಫಿ ಕೊಟ್ಟೆ. ಆಗ ವಿಷಯ ಹೊರಬಿತ್ತು. ನಾಟಕದಲ್ಲಿ ಪಾತ್ರಗಳು ಸುಮ್ಮನಾದಾಗಲೂ ಟೇಪು ಪೂರಾ ಬರಿದಾಗಬಾರದಂತೆ. ಹಾಗಾದರೆ ಕೇಳುವವರು ರೇಡಿಯೊ ಕೆಟ್ಟಿತೆಂದು ಅದರ ತಲೆಗೆ ತಟ್ಟುತ್ತಾರೆ. ಅದಕ್ಕಾಗಿ ಇವನು ಊರೂರು ತಿರುಗಿ ಬರಿಯ ಮೌನಗಳನ್ನು ತುಂಬಿಕೊಂಡು ಬಂದಿದ್ದ. ಹಿಟ್ಟಿನ ಗಿರಣಿ ನಿಂತ ಮೇಲಿನ ಮೌನ, ರೈಲು ಹೋದ ಮೇಲಿನ ನಿಲ್ದಾಣದ್ದು, ರಜೆಯಲ್ಲಿ ಬೀಗ ಹಾಕಿದ ಶಾಲೆಯದು. ರೇಡಿಯೊ ನಿಲಯದವರು ಆ ಟೇಪುಗಳನ್ನು ಕಸಕ್ಕೆ ಹಾಕಲು ಹೊರಟಾಗ ಎಲ್ಲವನ್ನೂ ತಳ್ಳುಗಾಡಿಯಲ್ಲಿ ಮನೆಗೆ ಸಾಗಿಸಿದ್ದ. ಏನೂ ಇಲ್ಲದ್ದನ್ನು ಇಷ್ಟು ಜೋಪಾನವಾಗಿ ಕೂಡಿಟ್ಟವನನ್ನು ನಾನು ಅದುವರೆಗೆ ಕಂಡಿರಲಿಲ್ಲ.

"ಅದರಲ್ಲಿ ನಮ್ಮನೆ ಅಡುಗೆಮನೆದೂ ಒಂದಿದೆ," ಎಂದ. "ಎಂಬತ್ಮೂರರ ಚಳಿಗಾಲ. ಪಿರೋಷ್ಕನ್ನ ಒಲೆ ಪಕ್ಕದ ಕುರ್ಚಿ ಮೇಲೆ ಕೂರಿಸಿ, ಟೇಪು ಮುಗಿಯೋವರೆಗೂ ತುಟಿ ಬಿಚ್ಚಬೇಡ ಅಂದಿದ್ದೆ. ಇಪ್ಪತ್ಮೂರು ನಿಮಿಷ. ಮುಗಿದ ಮೇಲೆ ಏನಂದ್ಲು ಗೊತ್ತಾ? ಮದುವೆಯಾದಾಗಿನಿಂದ ನೀನು ನನ್ನನ್ನ ಇಷ್ಟು ಗಮನ ಇಟ್ಟು ಕೇಳಿದ್ದು ಇವತ್ತೇ, ಅಂದ್ಲು."

"ಅದು ಟೇಪಿನಲ್ಲಿದೆಯಾ?"

"ಇಲ್ಲ. ಅಷ್ಟೊತ್ತಿಗೆ ನಿಲ್ಲಿಸಿದ್ದೆ."

ಪಿರೋಷ್ಕ ಅವನ ಹೆಂಡತಿ. ತೀರಿಕೊಂಡು ಆರು ವರ್ಷವಾಗಿತ್ತು. ಊರಿನ ಗಾಯಕರ, ನಟರ, ಒಬ್ಬ ಬಿಷಪ್ಪನ ಕೆಮ್ಮಿನ ಸಮೇತ ಎಲ್ಲರ ದನಿಯನ್ನೂ ಹಿಡಿದವನು ಹೆಂಡತಿಯ ಒಂದು ಮಾತನ್ನೂ ಹಿಡಿದಿರಲಿಲ್ಲ. ಮನೆಯಲ್ಲೇ ಇದ್ದಳಲ್ಲ, ಎಂದಾದರೂ ಆದೀತು ಎಂದುಕೊಂಡಿದ್ದ. ಉಳಿದಿದ್ದು ಅವಳು ಮಾತಾಡದ ಇಪ್ಪತ್ತಮೂರು ನಿಮಿಷ. ಅದನ್ನು ಅದೇ ಅಡುಗೆಮನೆಯಲ್ಲಿ ಹಗಲೂ ರಾತ್ರಿ ನುಡಿಸಬೇಕೆಂಬುದು ಅವನ ಆಸೆ. ನುಡಿಸುವ ಯಂತ್ರವೇ ಗೊರಕೆ ಹೊಡೆದರೆ ಅವಳ ಉಸಿರು ಕೇಳಿಸುವುದಾದರೂ ಹೇಗೆ?

ಬ್ಯಾಂಕೊಂದರ ಕೌಂಟರಿನಲ್ಲಿ ಕೂತು ನಿವೃತ್ತವಾಗಿದ್ದ ಪುಟ್ಟ ಡಬ್ಬವೊಂದು ನನ್ನಲ್ಲಿತ್ತು. ದಪ್ಪ ಪುಸ್ತಕದಷ್ಟು ಗಾತ್ರ, ಫ್ಯಾನೇ ಇಲ್ಲ. ತಿರುಗುವ ಡಿಸ್ಕು ಕಿತ್ತು ತಿರುಗದ್ದನ್ನು ಹಾಕಿದೆ. ಬಿಸಿ ಹೊರಹೋಗಲೆಂದು ಸುಟ್ಟ ಆಂಪ್ಲಿಫೈಯರಿನ ಅಲ್ಯೂಮಿನಿಯಂ ಪಟ್ಟಿಗಳನ್ನು ಅವನೇ ಮುಚ್ಚಳಕ್ಕೆ ಬಿಗಿದ. ಆರು ವಾಟ್ ಸಾಕು, ಪಿಂಚಣಿಯ ಮೇಲೆ ಬದುಕುವವನೂ ಆರಿಸದೆ ಇಡಬಹುದು.

"ಮಲಗುವಾಗಲಾದ್ರೂ ಆರಿಸಿ, ಚಿಕಾ."

"ಮನೇಲಿರೋರು ಮನೇಲಿರಬೇಕು. ಸ್ವಿಚ್ ಒತ್ತಿದಾಗ ಬಂದು ಹೋಗೋಕೆ ಅವರೇನು ನೆಂಟರಾ?"

ವಾರ ಕಳೆಯುವುದರೊಳಗೆ ಡಬ್ಬ ಬಗಲಲ್ಲಿಟ್ಟುಕೊಂಡು ವಾಪಸು ಬಂದ. "ಇದರ ಅಡಾಪ್ಟರಿನೊಳಗೆ ಸೊಳ್ಳೆ ಇದೆ." ನನಗೆ ಏನೂ ಕೇಳಿಸಲಿಲ್ಲ. ಪಕ್ಕದಲ್ಲಿ ಬೂರೆಕ್ ಕಡುಬು ಮಾರುವವಳ ನಾಯಿ ಮಾತ್ರ ಕಿವಿ ನಿಮಿರಿಸಿತು. ಇವನು ನಾಯಿಯನ್ನು ನೋಡಿ, ತಿಳಿದವರ ಜೊತೆ ಮಾತಾಡುವವನಂತೆ ತಲೆಯಾಡಿಸಿದ. ಕೊನೆಗೆ ಅಡಾಪ್ಟರನ್ನು ಅವನ ಅಡುಗೆಮನೆಯ ಆಚೆಗಿನ ಪಡಸಾಲೆಯ ಬೀರುವಿನಲ್ಲಿಟ್ಟು, ಗೋಡೆಗೆ ತೂತು ಕೊರೆದು ತಂತಿ ಎಳೆದೆವು. ಅಂದು ಡಬ್ಬಕ್ಕೆ ಕಿವಿಯಿಟ್ಟು ಬಹಳ ಹೊತ್ತು ಕೂತಿದ್ದ. "ಹೂಂ, ಇದು ಇದ್ದ ಹಾಗೇ ಇಲ್ಲ," ಎಂದ. ಅವನ ಬಾಯಿಂದ ಅದಕ್ಕಿಂತ ದೊಡ್ಡ ಹೊಗಳಿಕೆ ಬರುವಂತಿರಲಿಲ್ಲ.

ಉಳಿದ ಟೇಪುಗಳೆಲ್ಲ ಒಂದೊಂದಾಗಿ ಡಬ್ಬ ಸೇರಿದವು. ಅಡುಗೆಮನೆಯದನ್ನು ಕೊನೆಗೆ ಉಳಿಸಿಕೊಂಡಿದ್ದ, ಏಕೆಂದರೆ ಅದಕ್ಕೆ ರೋಗ ಹಿಡಿದಿತ್ತು. ಅಂಟು ಒಸರಿ ಟೇಪಿನ ಸುತ್ತುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಅವನೇ ಅದನ್ನು ಹದವಾದ ಕಾವಿನಲ್ಲಿ ಒಣಗಿಸಿ ತಂದ. "ಒಂದೇ ಸಲ ಓಡ್ತದೆ, ಮೇಸ್ತ್ರಿ. ಎರಡನೇದು ಇಲ್ಲ." ನನ್ನ ಅಂಗಡಿಯಲ್ಲೇ ಓಡಿಸಿದೆವು. ಅವನ ಟೇಪ್ ಯಂತ್ರದಿಂದ ನನ್ನ ಕಂಪ್ಯೂಟರಿಗೆ ಮೌನ ಹರಿಯಿತು. ಮುಗಿದಾಗ ಟೇಪು ಗಾಜಿನಂತೆ ಪಾರದರ್ಶಕವಾಗಿತ್ತು, ದನಿ ಹಿಡಿದಿದ್ದ ಲೇಪವೆಲ್ಲ ಕಂದು ಪುಡಿಯಾಗಿ ಯಂತ್ರದ ಕೆಳಗೆ ಉದುರಿತ್ತು. ಅವನು ಆ ಪುಡಿಯನ್ನು ಬೆರಳಿನಿಂದ ಬಳಿದು ಬೆಂಕಿಪೊಟ್ಟಣಕ್ಕೆ ತುಂಬಿಕೊಂಡ.

"ಗುರುವಾರ ಬನ್ನಿ, ಡಬ್ಬಕ್ಕೆ ಹಾಕಿ ಕೊಡ್ತೀನಿ," ಎಂದೆ.

ಆಮೇಲೆ ನಾನು ಮಾಡಿದ್ದು ವ್ಯಾಪಾರಿಯ ಬುದ್ಧಿ. ಜನ ತರುವ ಮದುವೆ ಕ್ಯಾಸೆಟ್ಟುಗಳ ಕೊಳೆ ತೆಗೆಯಲು ನನ್ನಲ್ಲೊಂದು ಪ್ರೋಗ್ರಾಂ ಇದೆ. ಕೊಳೆ ಹೇಗಿರುತ್ತದೆಂದು ಚೂರು ತೋರಿಸಿದರೆ ಸಾಕು, ಅಂಥದ್ದೆಲ್ಲವನ್ನೂ ಗುಡಿಸಿಹಾಕುತ್ತದೆ. ಮುದುಕನಿಗೆ ಖುಷಿಯಾಗಲೆಂದು, ಕೇಳದಿದ್ದರೂ, ಅವನ ಮೌನವನ್ನೂ ಗುಡಿಸಿದೆ. ಜಾಗ ಉಳಿಸುವ ಚಟಕ್ಕೆ ಹಳೆಯದರ ಮೇಲೇ ಹೊಸದನ್ನು ಬರೆದೆ. ಪರದೆಯ ಮೇಲೆ ಒಂದು ಗೆರೆ ಉಳಿಯಿತು, ದಾರ ಹಿಡಿದು ಎಳೆದಷ್ಟು ನೇರ.

ಗುರುವಾರ ಅವನು ಹೆಡ್‌ಫೋನ್ ಹಾಕಿಕೊಂಡು ಕೂತ. ಒಂದು ನಿಮಿಷವಾಯಿತು, ಎರಡಾಯಿತು.

"ಶುರು ಮಾಡು."

"ಆಗಲೇ ಓಡ್ತಿದೆ, ಚಿಕಾ. ಹೇಗಿದೆ? ಒಂದು ಚೂರು ಕೊಳೆ ಇಲ್ಲ."

"ಯಾವ ಕೊಳೆ?"

"ಅದೇ, ಹಿಂದಿನಿಂದ ಶ್ಶ್ ಅಂತಿತ್ತಲ್ಲ."

ಅವನು ಹೆಡ್‌ಫೋನ್ ತೆಗೆದು, ತಂತಿಯನ್ನು ನೀಟಾಗಿ ಸುತ್ತಿ ಮೇಜಿನ ಮೇಲಿಟ್ಟ. ಬೈದಿದ್ದರೆ ಒಳ್ಳೆಯದಿತ್ತು.

"ಅದು ನಮ್ಮನೆ ಒಲೆ, ಮಗಾ," ಎಂದ. "ಅದರ ಪಕ್ಕ ಅವಳು ಕೂತಿದ್ಲು."

ನಾನು ಕಂಪ್ಯೂಟರಿನ ಮೂಲೆಮೂಲೆ ಜಾಲಾಡಿದೆ. ಡಿಸ್ಕಿನಲ್ಲಿ ಅಳಿಸಿದ್ದನ್ನು ಎಬ್ಬಿಸುವ ಗೆಳೆಯನಿಗೂ ಕೊಟ್ಟು ನೋಡಿದೆ. ಸಿಕ್ಕಿದ್ದು ಒಂದೇ. ಮಾದರಿಗೆಂದು ನಾನು ಕತ್ತರಿಸಿ ತೋರಿಸಿದ್ದ ಚೂರನ್ನು ಪ್ರೋಗ್ರಾಂ ತನ್ನಲ್ಲಿ ಇಟ್ಟುಕೊಂಡಿತ್ತು. ಹನ್ನೊಂದು ಸೆಕೆಂಡು. ಅದಕ್ಕೆ ನಾನೇ ಕೊಟ್ಟ ಹೆಸರು "ಕೊಳೆ".

ಅದರಲ್ಲಿ ಒಲೆಯ ಸಣ್ಣ ಮೊರೆತವಿದೆ. ಕುರ್ಚಿ ಒಮ್ಮೆ ಕಿರ್ರೆನ್ನುತ್ತದೆ. ಕೊನೆಯಲ್ಲಿ ಯಾರೋ ಉಸಿರೆಳೆದುಕೊಳ್ಳುತ್ತಾರೆ, ಬಿಡುವ ಮೊದಲೇ ಚೂರು ಮುಗಿಯುತ್ತದೆ.

ವಿತೊಮಿರ್ ಅದನ್ನೇ ಒಯ್ದ. ಎರಡು ತಿಂಗಳ ನಂತರ ನೋಡಲು ಹೋದೆ. ಡಬ್ಬ ಅಡುಗೆಮನೆಯ ಗೂಡಿನಲ್ಲಿ ಹಸಿರು ದೀಪಕ್ಕೆ ಬಟ್ಟೆಯ ಚೂರು ಅಂಟಿಸಿಕೊಂಡು ಕೂತಿತ್ತು. ಒಲೆ ಎಂದೋ ಹೋಗಿತ್ತು, ಆ ಜಾಗದಲ್ಲಿ ಬಟ್ಟೆ ಒಗೆಯುವ ಯಂತ್ರವಿತ್ತು. ಆದರೂ ಆ ಮೂಲೆಯಿಂದ ಕಟ್ಟಿಗೆ ಉರಿಯುವ ಮೊರೆತ ಬರುತ್ತಿತ್ತು. ನಾನು ಅದರ ಪಕ್ಕದ ಕುರ್ಚಿಗೆ ಕೈಹಾಕಿದೆ.

"ಅಲ್ಲಿ ಬೇಡ, ಈ ಕಡೆ ಕೂತ್ಕೋ," ಎಂದ.

ಕೂತೆ. ಮೊರೆತ, ಕಿರ್ರೆನ್ನುವುದು, ಎಳೆದ ಉಸಿರು. ಮತ್ತೆ ಮೊರೆತ. ನಾಲ್ಕನೇ ಸುತ್ತಿನಲ್ಲಿ ಗಮನಿಸಿದೆ, ಆ ಉಸಿರಿನೊಂದಿಗೆ ನಾನೂ ಉಸಿರೆಳೆದು ಹಿಡಿದುಕೊಂಡಿದ್ದೆ.

"ಇದನ್ನ ಕೇಳ್ತಾ ಹೇಗಿರ್ತೀರಿ, ಚಿಕಾ?"

"ಎಳ್ಕೊಂಡಿದ್ದಾಳೆ," ಎಂದು ಬೂರೆಕ್ಕಿನ ತಟ್ಟೆ ನನ್ನ ಕಡೆ ತಳ್ಳಿದ. "ಇನ್ನೇನು ಬಿಡ್ತಾಳೆ. ಮೆಲ್ಲಗೆ ತಿನ್ನು, ಗರಿಗರಿ ಅಂತದೆ."

ಈಗ ಅಂಗಡಿಯಲ್ಲಿ ಎಲ್ಲ ಯಂತ್ರಗಳನ್ನೂ ಆರಿಸಿ ಬಾಗಿಲು ಎಳೆಯುವ ಮುಂಚೆ ನಾನು ಸ್ವಲ್ಪ ಹೊತ್ತು ನಿಲ್ಲುತ್ತೇನೆ. ಕೆಲವು ದಿನ ಕುರ್ಚಿ ಕಿರ್ರೆಂದಂತಾಗುತ್ತದೆ. ನನ್ನ ಅಂಗಡಿಯಲ್ಲಿರುವುದೆಲ್ಲ ಪ್ಲಾಸ್ಟಿಕ್ ಸ್ಟೂಲುಗಳು.

ವಿತೊಮಿರನಿಗೆ ನಾನು ಇಪ್ಪತ್ತೆರಡು ನಿಮಿಷ ನಲವತ್ತೊಂಬತ್ತು ಸೆಕೆಂಡು ಕೊಡಬೇಕಾಗಿದೆ.