ಮೂರನೇ ರಿಂಗಿನೊಳಗೆ

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಪುಣೆ ಹತ್ತಿರದ ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದೆ. ಮನೆಯ ಟ್ಯಾಂಕಿಗೆ ನೀರೇರಿಸುವ ಪಂಪುಗಳನ್ನು ಅಲ್ಲಿ ತಯಾರಿಸುತ್ತಿದ್ದರು. ಗಿರಾಕಿಗಳ ದೂರು ಕೇಳುವವಳು ನಾನು. ಮಾಲೀಕರು ನಮ್ಮ ಬಾಗಲಕೋಟೆ ಕಡೆಯವರು. ಹೊಸದೇನಾದರೂ ಕಿವಿಗೆ ಬಿದ್ದರೆ ಮರುದಿನವೇ ಮಾಡಿ ನೋಡುವ ಹುಮ್ಮಸ್ಸಿನ ಮನುಷ್ಯ.

ಒಂದು ಸೋಮವಾರ ಯಾವುದೋ ತರಬೇತಿ ಮುಗಿಸಿ ಬಂದವರೇ, ‘ಉತ್ತಮ ಸೇವೆಯೇ ನಮ್ಮ ಗುರಿ’ ಎಂದು ಮರಾಠಿಯಲ್ಲಿ ಬರೆದಿದ್ದ ಗೋಡೆಯ ಫಲಕವನ್ನು ಇಳಿಸಿಬಿಟ್ಟರು.

“ಉತ್ತಮ ಅಂದ್ರ ಎಷ್ಟು ಉತ್ತಮ? ಅಳೆಯಲಿಕ್ಕೆ ಬರ್ತದೇನ್ರಿ?” ಎಂದು ನನ್ನನ್ನು ಕೇಳಿದರು.

“ಇಲ್ರಿ ಸರ್.”

“ಹಂಗಾರ ಅಳೆಯಲಿಕ್ಕೆ ಬರೋ ಗುರಿ ಇಟ್ಕೊಳ್ಳೋಣು. ಇವತ್ತಿನಿಂದ ಮೂರನೇ ರಿಂಗಿನೊಳಗ ಫೋನ್ ಎತ್ತಬೇಕು. ಯಾರರೆ ಎತ್ರಿ.”

ಅಲ್ಲಿಂದ ಇಡೀ ಆಫೀಸಿಗೇ ಹುಚ್ಚು ಹಿಡಿಯಿತು. ಫೋನ್ ಸದ್ದಾದರೆ ಸಾಕು, ನಾವು ಕಾಕಾ ಎನ್ನುತ್ತಿದ್ದ ಹಿರಿಯ ಅಕೌಂಟೆಂಟರು ಕುರ್ಚಿ ಉರುಳಿಸಿಕೊಂಡು ಏಳುತ್ತಿದ್ದರು. ಟೈಪಿಸ್ಟ್ ಹುಡುಗಿ ಒಂದೇ ಚಪ್ಪಲಿಯಲ್ಲಿ ಓಡಿ ಬರುತ್ತಿದ್ದಳು. ನಾನಂತೂ ಬಾಯಿತುಂಬ ವಡಾಪಾವ್ ಇಟ್ಟುಕೊಂಡೇ ರಿಸೀವರ್ ಎತ್ತಿ, ಹಲೋ ಅನ್ನಲಾಗದೆ ಒದ್ದಾಡಿದ್ದೂ ಉಂಟು. ಒಮ್ಮೆ ಮಾಲೀಕರೇ ನುಗ್ಗಿಬಂದು ಕಾಕಾಗೆ ಡಿಕ್ಕಿ ಹೊಡೆದರು. ಮಾಲೀಕರ ಅಂಗಿಯ ಮೇಲೆಲ್ಲ ಚಹಾ. “ಎರಡನೇ ರಿಂಗಿಗೇ ಸಿಕ್ತು ನೋಡ್ರಿ” ಎಂದು ಅವರು ಹಿಗ್ಗಿದರು.

ತಿಂಗಳ ಕೊನೆಗೆ ಒಂದೇ ಒಂದು ಕರೆಯೂ ತಪ್ಪಿರಲಿಲ್ಲ. ಮಾಲೀಕರು ಜಿಲೇಬಿ ತರಿಸಿದರು. ಎಲ್ಲರೂ ತಿನ್ನುತ್ತಿದ್ದಾಗ ಫೋನ್ ಬಂತು. ಅಂಟುಗೈಯಲ್ಲೇ ಮೊದಲ ರಿಂಗಿಗೆ ಎತ್ತಿದೆ. ಧನಕವಡಿ ಬಡಾವಣೆಯ ಒಬ್ಬ ಹೆಂಗಸು, ದನಿ ಪರಿಚಿತ. ಆಕೆ ಮರಾಠಿಯಲ್ಲಿ ಬಲು ನಯವಾಗಿ ಹೇಳಿದರು: “ನಿಮ್ಮಷ್ಟು ಬೇಗ ಪುಣೆಯಲ್ಲಿ ಯಾರೂ ಫೋನ್ ಎತ್ತುವುದಿಲ್ಲ. ನಾನು ದಿನಾ ಮಾಡುತ್ತೇನೆ, ನೀವು ದಿನಾ ಎತ್ತುತ್ತೀರಿ. ಪಂಪು ಮಾತ್ರ ಇನ್ನೂ ನೀರು ಎತ್ತುತ್ತಿಲ್ಲ.”

ಅವರ ಮಾತನ್ನು ಹಾಗೆಯೇ ಎಲ್ಲರಿಗೂ ಹೇಳಿದೆ. ಕಾಕಾಗೆ ಜಿಲೇಬಿ ನೆತ್ತಿಗೇರಿತು. ಟೈಪಿಸ್ಟ್ ಹೊಟ್ಟೆ ಹಿಡಿದುಕೊಂಡು ನೆಲದ ಮೇಲೆ ಕೂತಳು. ಮಾಲೀಕರು ಎಲ್ಲರಿಗಿಂತ ತಡವಾಗಿ ನಗಲು ಶುರುಮಾಡಿದರೂ, ಅವರ ನಗು ನಿಲ್ಲಲೇ ಇಲ್ಲ.

ನಗುವಿನ ಭರದಲ್ಲಿ ನನಗೂ ಧೈರ್ಯ ಬಂತು. “ಸರ್, ಅದೇ ದೂರಿಗೆ ಅದೇ ಮಂದಿ ಎರಡನೇ ಸಲ ಫೋನ್ ಮಾಡಬಾರದು. ಈ ಗುರಿ ಹ್ಯಾಂಗ ಅದರಿ?”

“ಅದನ್ನ ಅಳೆಯೋದು ಹ್ಯಾಂಗ?”

“ಮೊದಲನೇ ಸಲನೋ, ಮತ್ತೊಮ್ಮೆನೋ ಅಂತ ನಾನೇ ಕೇಳ್ತೀನ್ರಿ.”

ಕಣ್ಣೊರೆಸಿಕೊಳ್ಳುತ್ತಲೇ ಒಪ್ಪಿದರು. ಆ ಮಧ್ಯಾಹ್ನವೇ ಮೆಕ್ಯಾನಿಕ್ ಧನಕವಡಿಗೆ ಹೋದ. ದೂರು ಬಂದ ಮನೆಗಳಿಗೆ ಬೇಗ ಹೋಗುವುದು ರೂಢಿಯಾದಂತೆ ಫೋನಿನ ಗದ್ದಲವೂ ಇಳಿಯುತ್ತ ಬಂತು. ಒಂದು ದಿನವಂತೂ ಮಧ್ಯಾಹ್ನದವರೆಗೂ ರಿಂಗೇ ಆಗಲಿಲ್ಲ. ಮಾಲೀಕರು ಚಡಪಡಿಸಿದರು, ಎರಡು ಸಲ ಬಂದು ಇಣುಕಿದರು, ಕೊನೆಗೆ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡರು.

“ಲೈನ್ ಚಲೋನೇ ಅದ” ಎಂದರು, ನಂಬಲಾರದವರಂತೆ.

ನಾವು ಮೂವರೂ ಮುಖ ಮುಖ ನೋಡಿಕೊಂಡು ಕಿಸಕ್ಕೆಂದೆವು. ಸಂಜೆ ಬಸ್ಸಿನಲ್ಲಿ ಅದನ್ನು ನೆನೆದು ನಾನೊಬ್ಬಳೇ ನಗುತ್ತಿದ್ದರೆ, ಪಕ್ಕದ ಸೀಟಿನವರು ಮೆಲ್ಲಗೆ ಕಿಟಕಿಯ ಕಡೆ ಸರಿದರು.