ಬೆಂಚಿನ ಕೆಳಗಿನ ಡಬ್ಬಿ

ಮದುವೆಯಾಗಿ ತುಮಕೂರಿನಿಂದ ಜೆ.ಪಿ. ನಗರಕ್ಕೆ ಬಂದ ಹೊಸತರಲ್ಲಿ ನನ್ನ ಮತ್ತು ನನ್ನ ಗಂಡನ ನಡುವೆ ಮಾತು ಬಹಳ ಕಡಿಮೆ ಇತ್ತು. ಮುನಿಸೇನೂ ಇರಲಿಲ್ಲ. ಮಾತಾಡುವುದಕ್ಕೆ ಜಾಗ ಇರಲಿಲ್ಲ, ಅಷ್ಟೆ. ಎರಡು ರೂಮಿನ ಮನೆಯಲ್ಲಿ ಅತ್ತೆ, ಮಾವ, ಪರೀಕ್ಷೆಗೆ ಓದುತ್ತಿದ್ದ ಮೈದುನ, ಜೊತೆಗೆ ಆಸ್ಪತ್ರೆಗೋ ಮದುವೆಗೋ ಎಂದು ಬಂದಿಳಿಯುವ ನೆಂಟರು. ಬೆಳಿಗ್ಗೆ ಮಾವ ಪೂಜೆಗೆ ಕೂತರೆ ಗಟ್ಟಿಯಾಗಿ ಮಾತಾಡುವಂತಿಲ್ಲ. ಸಂಜೆ ಅತ್ತೆ ಧಾರಾವಾಹಿ ಹಾಕಿಕೊಂಡರೆ ಗಟ್ಟಿಯಾಗಿ ಮಾತಾಡಿದರೂ ಕೇಳಿಸುವಂತಿಲ್ಲ. ಇವರು ಬಿಟಿಎಂ ಲೇಔಟಿನ ಒಂದು ಕಂಪನಿಯ ಅಕೌಂಟ್ಸ್ ವಿಭಾಗದಲ್ಲಿದ್ದರು. ಮನೆಗೆ ಬಂದು ಕೈಕಾಲು ತೊಳೆದು ಊಟಕ್ಕೆ ಕೂತರೆ, "ಇನ್ನೊಂಚೂರು ಸಾರು ಹಾಕ್ಲಾ?" ಎಂಬ ನನ್ನ ಪ್ರಶ್ನೆಗೆ ತಲೆಯಾಡಿಸುವುದೇ ನಮ್ಮ ದಿನದ ಸಂಭಾಷಣೆ.

ಒಂದು ಭಾನುವಾರ ಬೆಳಿಗ್ಗೆ ನಾನು ಬಟ್ಟೆ ಒಣಹಾಕಲು ಟೆರೇಸಿಗೆ ಹೋದಾಗ ಇವರು ಹಿಂದೆಯೇ ಬಂದರು. ಹಗ್ಗದ ಆಚೆ ಬದಿ, ಮಾವನ ಒದ್ದೆ ಪಂಚೆಯ ಮರೆಯಲ್ಲಿ ನಿಂತು, "ಒಂದ್ ಕಡೆ ಹೋಗ್ಬರೋಣ, ಬರ್ತೀಯಾ?" ಎಂದರು.

"ಎಲ್ಲಿಗೆ?"

"ಇಲ್ಲೇ. ಜಯನಗರ."

ಸಿನಿಮಾ ಇರಬೇಕು, ಇಲ್ಲವೇ ಫೋರ್ತ್ ಬ್ಲಾಕ್ ಕಾಂಪ್ಲೆಕ್ಸಿನಲ್ಲಿ ಏನಾದರೂ ಕೊಡಿಸಬಹುದು ಎಂದುಕೊಂಡು ಒಳ್ಳೆಯ ಸೀರೆಯನ್ನೇ ಉಟ್ಟು ಹೊರಟೆ. ಸ್ಕೂಟರ್ ಕಾಂಪ್ಲೆಕ್ಸ್ ದಾಟಿತು. ಎರಡು ತಿರುವು ತಿರುಗಿ ಒಂದು ಸಣ್ಣ ಪಾರ್ಕಿನ ಮುಂದೆ ನಿಂತಿತು. ಇವರು ಮೊಬೈಲ್ ನೋಡಿಕೊಂಡು ಬೇಲಿಯ ಪಕ್ಕ ಅತ್ತ ಹೋದರು, ಇತ್ತ ಬಂದರು. ಆಮೇಲೆ ಒಂದು ಹೊಂಗೆ ಮರದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಬೇರಿನ ಸಂದಿಗೆ ಕೈ ಹಾಕತೊಡಗಿದರು. ಇಸ್ತ್ರಿ ಮಾಡಿದ ಶರ್ಟು, ಪಾಲಿಶ್ ಮಾಡಿದ ಶೂ ಹಾಕಿಕೊಂಡ ಮನುಷ್ಯ ಹಾಗೆ ಮಣ್ಣು ಕೆದಕುವುದನ್ನು ನೋಡಿ ನನಗೆ ಗಾಬರಿಯಾಯಿತು.

"ಏನಾದ್ರೂ ಬಿತ್ತಾ?"

ಇವರ ಮುಖ ಕೆಂಪಾಯಿತು. ಎದ್ದು ಕೈ ಒರೆಸಿಕೊಂಡು, ಬಹಳ ಸಂಕೋಚದಿಂದ ವಿವರಿಸಿದರು. ಇದೊಂದು ಆಟವಂತೆ. ಹೆಸರು ಜಿಯೋಕ್ಯಾಶಿಂಗ್. ಯಾರೋ ಒಬ್ಬರು ಊರಿನಲ್ಲಿ ಎಲ್ಲಾದರೂ ಒಂದು ಸಣ್ಣ ಡಬ್ಬಿ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ ರೇಖಾಂಶವನ್ನು ಆ್ಯಪ್‌ನಲ್ಲಿ ಹಾಕುತ್ತಾರೆ. ಬೇರೆಯವರು ಫೋನ್ ಹಿಡಿದು ಹುಡುಕಿಕೊಂಡು ಬರಬೇಕು. ಸಿಕ್ಕರೆ ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಯಾರಿಗೂ ಕಾಣದ ಹಾಗೆ ಅಲ್ಲೇ ಇಟ್ಟು ಹೋಗಬೇಕು.

"ಸಿಕ್ಕಿದ್ರೆ ಏನ್ ಕೊಡ್ತಾರೆ?"

"ಏನೂ ಕೊಡಲ್ಲ."

"ಮತ್ತೆ?"

"ಸಿಗುತ್ತಲ್ಲ, ಅಷ್ಟೇ," ಎಂದರು.

ನನಗೆ ನಗು ಬಂತು. ಆದರೂ ಸುಮ್ಮನೆ ನಿಲ್ಲುವುದೇಕೆ ಎಂದು ನಾನೂ ಕಣ್ಣಾಡಿಸಿದೆ. ಹೂ ಕೀಳಬಾರದೆಂದು ಬರೆದ ಬೋರ್ಡೊಂದಿತ್ತು. ಅದರ ಕಬ್ಬಿಣದ ಪೈಪು ತುಕ್ಕು ಹಿಡಿದಿದ್ದರೂ ಮೇಲಿನ ಮುಚ್ಚಳ ಮಾತ್ರ ಹೊಸದಾಗಿತ್ತು. ತಿರುಗಿಸಿದೆ, ಬಂತು. ಒಳಗೆ ದಾರ ಕಟ್ಟಿ ಇಳಿಬಿಟ್ಟ ಒಂದು ಮಾತ್ರೆಯ ಸೀಸೆ.

"ಇದಾ?"

ಪಾರ್ಕಿನಲ್ಲಿ ವಾಕ್ ಮಾಡುತ್ತಿದ್ದವರೆಲ್ಲ ತಿರುಗಿ ನೋಡುವಂತೆ ಇವರು ನಕ್ಕುಬಿಟ್ಟರು. ಆ ಮನುಷ್ಯನಿಗೆ ಅಷ್ಟು ದೊಡ್ಡ ನಗು ಇದೆ ಎಂದು ನನಗೆ ಗೊತ್ತಾದದ್ದು ಅವತ್ತೇ. ಎಷ್ಟೋ ಸಲ ಒಬ್ಬರೇ ಬಂದು ಬರಿಗೈಯಲ್ಲಿ ಹೋಗಿದ್ದರಂತೆ. ಚೀಟಿ ಬಿಡಿಸಿ ಪೆನ್ನು ನನ್ನ ಕೈಗೆ ಕೊಟ್ಟು, "ಇಬ್ಬರ ಹೆಸರೂ ನೀನೇ ಬರಿ," ಎಂದರು.

ಆಮೇಲೆ ಭಾನುವಾರಗಳು ನಮ್ಮವಾದವು. ಅತ್ತೆಗೆ ಡಬ್ಬಿ ಹುಡುಕುತ್ತೇವೆ ಎಂದು ಹೇಳುವುದು ಹೇಗೆ? "ದೇವಸ್ಥಾನಕ್ಕೆ ಹೋಗ್ಬರ್ತೀವಿ" ಎನ್ನುತ್ತಿದ್ದೆವು. ಸುಳ್ಳಾಗಬಾರದೆಂದು ಬನಶಂಕರಿ ಅಮ್ಮನ ಗುಡಿಗೆ ಹೋಗಿ, ನಿಂಬೆಹಣ್ಣಿನ ದೀಪ ಹಚ್ಚಿ, ಆಮೇಲೆ ಫೋನ್ ತೆಗೆಯುತ್ತಿದ್ದೆವು. ಸೊಸೆಗೆ ದೈವಭಕ್ತಿ ಜಾಸ್ತಿ ಎಂದು ಅತ್ತೆ ಬೀದಿಯವರ ಮುಂದೆಲ್ಲ ಹೊಗಳಿಕೊಂಡರು.

ಬಿಟಿಎಂ ಲೇಔಟಿನ ಕೆರೆಯ ಹತ್ತಿರ ಒಮ್ಮೆ ಸಿಕ್ಕಿಬಿದ್ದೆವು. ಕಲ್ಲುಗಳ ಸಂದಿಯಲ್ಲಿ ಬಗ್ಗಿ ಹುಡುಕುತ್ತಿದ್ದಾಗ ವಾಚ್‌ಮನ್ ಬಂದು, "ಏನ್ ಮೇಡಂ ಹುಡುಕ್ತಿದೀರಾ?" ಎಂದ. ಬಾಯಿಗೆ ಬಂದದ್ದು ಹೇಳಿದೆ: "ಓಲೆ ಬಿದ್ದೋಯ್ತು."

ಹೇಳಬಾರದಿತ್ತು. ವಾಚ್‌ಮನ್ ಕೋಲು ಬದಿಗಿಟ್ಟು ಹುಡುಕಲು ಶುರು ಮಾಡಿದ. ವಾಕಿಂಗಿನ ಇಬ್ಬರು ಅಂಕಲ್‌ಗಳು ಸೇರಿಕೊಂಡರು. ಗೇಟಿನ ಹತ್ತಿರ ಜೋಳ ಸುಡುತ್ತಿದ್ದ ಅಕ್ಕ ಕೂಡ ಬೀಸಣಿಗೆ ಹಿಡಿದುಕೊಂಡೇ ಬಂದು, "ಚಿನ್ನದ್ದಾ? ಅಯ್ಯೋ ಪಾಪ," ಎನ್ನುತ್ತಾ ನನ್ನ ಮುಖ ನೋಡಿದಳು. ನೋಡುತ್ತಲೇ ನಿಂತಳು.

"ಅಲ್ಲಮ್ಮಾ, ಎರಡೂ ನಿನ್ನ ಕಿವೀಲೇ ಅವಲ್ಲಾ!"

ನಾನು ಕಿವಿ ಮುಟ್ಟಿಕೊಂಡೆ. "ಓ, ಸಿಕ್ತು ಬಿಡಿ," ಎಂದರು ಇವರು, ಗಂಭೀರವಾಗಿ. ಅಲ್ಲಿಂದ ಸ್ಕೂಟರಿನವರೆಗೆ ಹೇಗೆ ಬಂದೆವೋ. ಮನೆ ಮುಟ್ಟುವವರೆಗೂ ಅವರ ಬೆನ್ನು ನಗುವಿನಿಂದ ಅಲುಗಾಡುತ್ತಿದ್ದದ್ದು ನನ್ನ ಹಣೆಗೆ ತಾಗುತ್ತಿತ್ತು.

ಇಷ್ಟೆಲ್ಲದರ ನಡುವೆ ಒಂದು ಡಬ್ಬಿ ಮಾತ್ರ ನಮಗೆ ಒಲಿಯಲೇ ಇಲ್ಲ. ಅದು ಬನಶಂಕರಿ ಸೆಕೆಂಡ್ ಸ್ಟೇಜಿನ ಒಂದು ಪಾರ್ಕಿನಲ್ಲಿತ್ತು. ಆ್ಯಪ್‌ನಲ್ಲಿ ಕೊಟ್ಟ ಸುಳಿವು ಇಷ್ಟೇ: ಕೂತವರಿಗೆ ಕಾಣಿಸುವುದಿಲ್ಲ. ಅಂದರೆ ಬೆಂಚು. ಫೋನೂ ಸಂಪಿಗೆ ಮರದ ಕೆಳಗಿನ ಹಳೆಯ ಕಬ್ಬಿಣದ ಬೆಂಚನ್ನೇ ತೋರಿಸುತ್ತಿತ್ತು. ತೊಂದರೆಯೆಂದರೆ ಆ ಬೆಂಚಿನ ಮೇಲೆ ಸದಾ ಒಬ್ಬರು ಹಿರಿಯರು ಕೂತಿರುತ್ತಿದ್ದರು. ಬಿಳಿ ಪಂಚೆ, ಸ್ವೆಟರು, ತೊಡೆಯ ಮೇಲೆ ಮಡಿಸಿದ ಪೇಪರು. ಬೆಳಿಗ್ಗೆ ಹೋದರೂ ಇದ್ದರು, ಸಂಜೆ ಹೋದರೂ ಇದ್ದರು.

ಅವರು ಎದ್ದು ಹೋಗಲಿ ಎಂದು ಮೊದಲು ದೂರದಲ್ಲಿ ಕಾದೆವು. ಆಮೇಲೆ ಅದೇ ಬೆಂಚಿನ ತುದಿಯಲ್ಲಿ ಕೂತು ಕಾದೆವು. ಪಕ್ಕದಲ್ಲಿ ಕೂತ ಮೇಲೆ ಮಾತಾಡದೆ ಇರಲಾದೀತೇ? "ಯಾವೂರಮ್ಮಾ ನಿಮ್ಮದು?" ಎಂದು ಕೇಳಿದರು. ತುಮಕೂರು ಎಂದೆ. ತುಮಕೂರಿನ ಹಲಸಿನಹಣ್ಣಿನ ಬಗ್ಗೆ ಶುರುವಾದ ಮಾತು ಕತ್ತಲಾಗುವವರೆಗೆ ನಡೆಯಿತು. ಅವತ್ತು ಡಬ್ಬಿಯಿಲ್ಲ.

ಮುಂದಿನ ವಾರವೂ ಹಾಗೇ. ಅದರ ಮುಂದಿನ ವಾರವೂ. ಆ ಹಿರಿಯರು, ನಮ್ಮ ಬಾಯಲ್ಲಿ ಅಂಕಲ್, ಅಲ್ಲಿಯದೇ ಹಳೆಯ ಊರಿನವರು. ಲೇಔಟ್ ಆಗುವ ಮೊದಲು ಆ ಜಾಗವೆಲ್ಲ ಅವರ ತಂದೆಯ ಹೊಲವಾಗಿತ್ತಂತೆ. "ಇಲ್ಲೇ ನಾನು ಗಿಳಿ ಓಡಿಸ್ತಾ ಕೂತಿರ್ತಿದ್ದೆ, ರಾಗಿ ತೆನೆ ಬಂದಾಗ. ಈಗ್ಲೂ ಇಲ್ಲೇ ಕೂತಿದೀನಿ, ಗಿಳಿ ಮಾತ್ರ ಇಲ್ಲ," ಎಂದು ನಗುತ್ತಿದ್ದರು. ಈಗ ಅವರದು ಮೂರಂತಸ್ತಿನ ಮನೆ. ಮೇಲೆ ಬಾಡಿಗೆಯವರು, ಕೆಳಗೆ ಇಬ್ಬರು ಗಂಡುಮಕ್ಕಳ ಸಂಸಾರ, ಮೊಮ್ಮಕ್ಕಳು. "ಮನೆ ತುಂಬಾ ಜನ ಕಣಪ್ಪಾ. ಒಳ್ಳೇದೇ. ಆದ್ರೆ ಪೇಪರ್ ಓದಕ್ಕೆ ಒಂದು ಮೂಲೆ ಇಲ್ಲ," ಎಂದರು ಒಮ್ಮೆ. ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡೆವು.

ಬರಬರುತ್ತಾ ಅವರು ನಮಗಾಗಿ ಪೇಪರ್ ಹಾಸಿ ಜಾಗ ಹಿಡಿದಿಡತೊಡಗಿದರು. ಮನೆಯಿಂದ ಕೋಡುಬಳೆ ತರುತ್ತಿದ್ದರು. ನಮ್ಮ ಮನೆಯಲ್ಲಿ ನನ್ನ ಗಂಡ ಬಾಯಿಬಿಟ್ಟು ಹೇಳದ ಸಂಗತಿಗಳು ನನಗೆ ತಿಳಿದದ್ದು ಆ ಬೆಂಚಿನ ಮೇಲೆಯೇ. ಅಂಕಲ್ ಕೇಳುತ್ತಿದ್ದರು, ಇವರು ಹೇಳುತ್ತಿದ್ದರು, ಪಕ್ಕದಲ್ಲಿ ಕೂತು ನಾನು ಕೇಳಿಸಿಕೊಳ್ಳುತ್ತಿದ್ದೆ. ಚಿಕ್ಕಂದಿನಲ್ಲಿ ನಕ್ಷೆ ಬಿಡಿಸುವ ಹುಚ್ಚಿತ್ತಂತೆ. ನನ್ನನ್ನು ನೋಡಲು ತುಮಕೂರಿಗೆ ಬಂದ ದಿನ ಹೆದರಿಕೆಗೆ ಉಪ್ಪಿಟ್ಟು ಗಂಟಲಲ್ಲಿ ಇಳಿದಿರಲಿಲ್ಲವಂತೆ.

"ಹೇಳ್ಬಿಡೋಣ್ವೇನ್ರೀ, ಡಬ್ಬಿ ವಿಷ್ಯ?" ಎಂದೆ ಒಂದು ಸಂಜೆ ವಾಪಸ್ ಬರುವಾಗ.

"ಈಗ ಹೇಳಿದ್ರೆ, ನಾವು ಬರ್ತಿದ್ದಿದ್ದು ಡಬ್ಬಿಗೆ, ಅವರಿಗಲ್ಲ ಅಂತ ಆಗುತ್ತಲ್ಲಾ," ಎಂದರು ಇವರು. ಅದು ನನಗೂ ಚುಚ್ಚುತ್ತಿತ್ತು. ಹೇಳುವುದನ್ನು ಮುಂದಕ್ಕೆ ಹಾಕಿದೆವು.

ಒಂದು ಭಾನುವಾರ ಹೋದಾಗ ಬೆಂಚು ಖಾಲಿಯಿತ್ತು. ಸಂಪಿಗೆ ಎಲೆಗಳು ಬಿದ್ದಿದ್ದವು. ಅಷ್ಟು ದಿನ ಕಾದದ್ದು ಇದಕ್ಕೇ. ಕೆಳಗೆ ಕೈ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಇಬ್ಬರೂ ಗೇಟಿನ ಕಡೆ ನೋಡುತ್ತಾ ನಿಂತುಬಿಟ್ಟೆವು. ಸ್ವಲ್ಪ ಹೊತ್ತಾದ ಮೇಲೆ ಇವರು ಗಿಡಕ್ಕೆ ನೀರು ಬಿಡುತ್ತಿದ್ದವನನ್ನು ವಿಚಾರಿಸಿದರು. "ಯಜಮಾನ್ರು ಬಚ್ಚಲಲ್ಲಿ ಜಾರಿ ಬಿದ್ರಂತೆ ಸಾರ್. ಕಾಲಿಗೆ ಪಟ್ಟಿ ಹಾಕವ್ರೆ," ಎಂದ. ಮನೆಯ ಗುರುತೂ ಅವನೇ ಹೇಳಿದ.

ದಾರಿಯಲ್ಲಿ ಏಲಕ್ಕಿ ಬಾಳೆಹಣ್ಣು ಕೊಂಡುಕೊಂಡು ಹೋದೆವು. ಬಾಗಿಲು ತೆಗೆದವರು ದಪ್ಪ ಕುಂಕುಮದ, ಕೈಯಲ್ಲಿ ಹಿಟ್ಟು ಮೆತ್ತಿಕೊಂಡ ಆಂಟಿ. ನಮ್ಮನ್ನು ಕಂಡು ಒಂದು ಗಳಿಗೆ ಹುಬ್ಬು ಗಂಟಿಕ್ಕಿದರು. ಮರುಗಳಿಗೆ ಅವರ ಮುಖವೆಲ್ಲ ಅರಳಿತು.

"ಓ! ಡಬ್ಬಿ ಹುಡುಕೋರು ನೀವೇನಾ?"

ನನ್ನ ಕೈಯಲ್ಲಿದ್ದ ಬಾಳೆಹಣ್ಣು ಕೆಳಗೆ ಬೀಳುವುದೊಂದು ಬಾಕಿ.

"ಬನ್ನಿ ಬನ್ನಿ. ಭಾನುವಾರ ಮನೆಗೆ ಬಂದೋರೇ ಇದೇ ಪುರಾಣ, ಇವತ್ತೂ ಸಿಗಲಿಲ್ಲ ಆ ಹುಡುಗ ಹುಡುಗೀಗೆ ಅಂತ. ರೀ, ಬಂದವ್ರೆ ನೋಡ್ರೀ ನಿಮ್ಮ ಡಬ್ಬಿಯೋರು!"

ಒಳಗೆ ಮಂಚದ ಮೇಲೆ, ದಿಂಬಿನ ಮೇಲೆ ಕಾಲಿಟ್ಟುಕೊಂಡು ಒರಗಿದ್ದ ಅಂಕಲ್ ಕಳ್ಳತನ ಮಾಡಿ ಸಿಕ್ಕಿಬಿದ್ದವರಂತೆ ಪೇಪರಿನಿಂದ ಮುಖ ಮುಚ್ಚಿಕೊಂಡರು. ಪೇಪರು ಅಲುಗುತ್ತಿತ್ತು. ನಗುತ್ತಿದ್ದರು.

"ನಿಮಗೆ ಗೊತ್ತಿತ್ತಾ ಅಂಕಲ್?" ಎಂದರು ಇವರು.

"ಆ ಬೆಂಚ್ ಮೇಲೆ ಎಷ್ಟು ವರ್ಷದಿಂದ ಕೂತಿದೀನಪ್ಪಾ. ಒಂದಿನ ಟಣ್ ಅಂತ ಬಿತ್ತು ಕೆಳಗೆ. ತೆಗೆದು ನೋಡಿದ್ರೆ ಚೀಟಿ, ಹೆಸರುಗಳು. ಏನೋ ಹುಡುಗರ ಆಟ ಅಂತ ವಾಪಸ್ ಅಲ್ಲೇ ಅಂಟಿಸ್ದೆ. ಆಮೇಲೆ ಬರೋರನ್ನ ನೋಡ್ತಿದ್ದೆ. ಫೋನ್ ನೋಡ್ತಾ ಬರ್ತಾರೆ. ನಾನೂ ಸುಮ್ನೆ ಒಂದು ರೌಂಡ್ ಹೋಗ್ಬರ್ತಿದ್ದೆ. ಬರೋ ಹೊತ್ತಿಗೆ ಅವರು ಹೊರಟೋಗಿರ್ತಿದ್ರು."

"ಹಂಗಾದ್ರೆ ನಾವು ಬಂದಾಗ ಯಾಕೆ ಎದ್ದು ಹೋಗ್ಲಿಲ್ಲ?" ಎಂದೆ ನಾನು.

ಅಂಕಲ್ ಪೇಪರು ಮಡಿಸಿದರು. ಮಡಿಸಿದ್ದನ್ನು ಮತ್ತೆ ಮಡಿಸಿದರು.

"ನೀವು ಕೂತ್ಕೊಂಡ್ರಲ್ಲಮ್ಮಾ," ಎಂದರು. "ಸಿಕ್ಕಿಬಿಟ್ರೆ ಮತ್ತೆ ಬರ್ತಿದ್ರಾ?"

ಇವರು ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಅವರ ಕೈ ಹಿಡಿದುಕೊಂಡರು. ಯಾರ ಕೈಯನ್ನೂ ಹಾಗೆ ಹಿಡಿಯುವ ಜನವಲ್ಲ ಇವರು. ಮೊಮ್ಮಕ್ಕಳು ಟಿವಿಯ ಸದ್ದು ಜೋರು ಮಾಡಿದರು, ಅಡುಗೆಮನೆಯಿಂದ ಆಂಟಿ ಬೈದರು. ಆಮೇಲೆ ಒಬ್ಬಟ್ಟು ಬಂತು. ನೀವು ವಾಪಸ್ ಬರುವವರೆಗೆ ನಾವು ಆ ಬೆಂಚಿನ ತಳ ಮುಟ್ಟುವುದಿಲ್ಲ ಎಂದು ಮಾತು ಕೊಟ್ಟು ಎದ್ದೆವು. ಅಲ್ಲಿಯವರೆಗೆ ಭಾನುವಾರಗಳಂದು ಅವರ ಮನೆಗೇ ಹೋದೆವು.

ಅವರು ಕೋಲೂರಿಕೊಂಡು ಪಾರ್ಕಿಗೆ ಬಂದ ಮೊದಲ ದಿನ ಆಂಟಿಯೂ ಜೊತೆಗಿದ್ದರು. ಅಂಕಲ್ ಬೆಂಚಿನ ಮೇಲೆ ಒಂದು ಸಲ ಕೂತು, ಸಭೆಯಲ್ಲಿ ಭಾಷಣಕ್ಕೆ ಏಳುವವರ ಹಾಗೆ ಎದ್ದು, ಪಕ್ಕಕ್ಕೆ ಸರಿದು, "ಹೂಂ, ನೋಡ್ಕೊಳ್ಳಿ," ಎಂದರು. ಇವರು ಮಂಡಿಯೂರಿ ಕಬ್ಬಿಣದ ಪಟ್ಟಿಯ ಒಳಗೆ ಕೈ ಹಾಕಿದರು. ಆಯಸ್ಕಾಂತ ಹಚ್ಚಿದ, ಬೆಂಕಿಪೊಟ್ಟಣದಷ್ಟು ದೊಡ್ಡ ಡಬ್ಬಿ. ಚೀಟಿ ತೇವಕ್ಕೆ ಮೆತ್ತಗಾಗಿತ್ತು. ನಮ್ಮ ಹೆಸರು ಬರೆದೆವು. ಪೆನ್ನನ್ನು ಅಂಕಲ್‌ಗೆ ಕೊಟ್ಟೆವು. "ನಾನು ಹುಡುಕೇ ಇಲ್ವಲ್ಲಪ್ಪಾ," ಎಂದು ಮೊದಲು ಹಿಂಜರಿದರು. ಆಂಟಿ ಪೆನ್ನು ಕಿತ್ತುಕೊಂಡು, "ಬರೀರಿ ಅತ್ಲಾಗೆ. ಕಾವಲು ಕಾದಿಲ್ವಾ?" ಎಂದು, ತಾವೇ ಮೊದಲು ಸಹಿ ಮಾಡಿದರು.

ಡಬ್ಬಿ ಸಿಕ್ಕ ಮೇಲೂ ನಾವು ಹೋಗುತ್ತಲೇ ಇದ್ದೆವು. ನನಗೆ ಏಳು ತಿಂಗಳಾದಾಗ ಸೀಮಂತಕ್ಕೆ ಆಂಟಿ ಹಸಿರು ಬಳೆ ತಂದರು. ಮಗಳು ಹುಟ್ಟಿದ ಮೇಲೆ ಅವಳು ಮೊದಲು ತಪ್ಪು ಹೆಜ್ಜೆ ಇಟ್ಟು ನಡೆದದ್ದು ಆ ಪಾರ್ಕಿನಲ್ಲೇ, ಅಂಕಲ್ ಅವರ ಕೋಲನ್ನು ಹಿಡಿದುಕೊಂಡು. ಆಮೇಲೆ ನಾವು ಕನಕಪುರ ರಸ್ತೆಯ ಕಡೆ ಮನೆ ಬದಲಿಸಿದೆವು. ಮಗಳ ಸ್ಕೂಲು, ಇವರ ಆಫೀಸು, ನನಗೂ ಕ್ಲಿನಿಕ್ಕೊಂದರಲ್ಲಿ ರಿಸೆಪ್ಶನ್ ಕೆಲಸ. ಪಾರ್ಕಿಗೆ ಹೋಗುವುದು ವಾರದಿಂದ ತಿಂಗಳಿಗಾಯಿತು, ತಿಂಗಳಿಂದ ಹಬ್ಬಕ್ಕಾಯಿತು. ಪಾರ್ಕು ರಿಪೇರಿಯಾದಾಗ ಕಬ್ಬಿಣದ ಬೆಂಚುಗಳನ್ನು ತೆಗೆದು ಗ್ರಾನೈಟಿನವನ್ನು ಹಾಕಿದರು. ಡಬ್ಬಿಯ ಹೆಸರು ಆ್ಯಪ್‌ನಿಂದ ಅಳಿಸಿಹೋಯಿತು. ಅಂಕಲ್ ಹೋಗಿ ಈಗ ಕೆಲವು ವರ್ಷಗಳಾದವು. ಹದಿಮೂರನೆಯ ದಿನದ ಊಟಕ್ಕೆ ಹೋದಾಗ ಅವರ ದೊಡ್ಡ ಮಗ ನಮ್ಮನ್ನು ನೆಂಟರಿಗೆ ಪರಿಚಯಿಸುತ್ತಾ, "ಇವರು ಅಪ್ಪನ ಫ್ರೆಂಡ್ಸು," ಎಂದರು. ಇವರು ಆಚೆ ಹೋಗಿ ಕನ್ನಡಕ ಒರೆಸಿಕೊಂಡು ಬಂದರು.

ಹೋದ ತಿಂಗಳು ಮಗಳು ಗೆಳತಿಯ ಮನೆಗೆ ಹೋಗಿದ್ದ ಭಾನುವಾರ ಬಹಳ ದಿನದ ಮೇಲೆ ನಾವಿಬ್ಬರೇ ಬೇಗೂರಿಗೆ ಹೋಗಿದ್ದೆವು. ಕೆರೆಯ ಹತ್ತಿರ ಯಾರೋ ಹೊಸದಾಗಿ ಒಂದು ಡಬ್ಬಿ ಇಟ್ಟಿದ್ದರು. ಅಲ್ಲಿನ ಗುಡಿಯ ನಾಗೇಶ್ವರನಿಗೆ ಕೈಮುಗಿದು, ಕೆರೆ ಏರಿಯ ಮೇಲೆ ಫೋನ್ ಹಿಡಿದು ಅಡ್ಡಾಡಿದೆವು. ಬಿಸಿಲಲ್ಲಿ ಪರದೆ ಸರಿಯಾಗಿ ಕಾಣುತ್ತಿರಲಿಲ್ಲ. ಬಗ್ಗಿದರೆ ಇವರ ಸೊಂಟ ಹಿಡಿಯುತ್ತದೆ, ಚಾಳೀಸು ಮರೆತು ಬಂದಿದ್ದರಿಂದ ನನಗೆ ಹತ್ತಿರದ್ದು ಕಾಣುವುದಿಲ್ಲ. ಕೊನೆಗೆ ಒಂದು ಕಲ್ಲಿನ ಮೇಲೆ ಕೂತೆವು. ನೀರಿನ ಮೇಲೆ ಬೆಳ್ಳಕ್ಕಿಗಳು ಇಳಿಯುತ್ತಿದ್ದವು. ಇವರು ಆಫೀಸಿನ ಒಂದು ತಮಾಷೆ ಹೇಳಲು ಶುರು ಮಾಡಿದರು. ಈಗ ಇವರು ಮಾತಿಗೆ ಶುರುವಿಟ್ಟರೆ ನಿಲ್ಲಿಸುವುದು ಕಷ್ಟ. ಅದರಿಂದ ಇನ್ನೊಂದಕ್ಕೆ, ಅಲ್ಲಿಂದ ಅವರ ಸ್ಕೂಲಿನ ದಿನಗಳಿಗೆ ಹೋಯಿತು. ಡಬ್ಬಿ ಸಿಗಲಿಲ್ಲ. ಬಿಸಿಲು ಇಳಿದ ಮೇಲೆ ನಾನೇ, "ಹೊರಡೋಣ್ವಾ?" ಎಂದೆ.

"ಇನ್ನೊಂಚೂರು ಇರೇ," ಎಂದರು. ಕಲ್ಲಿನ ಮೇಲೆ ಸರಿದು ಕೂತು, ಹೇಳುತ್ತಿದ್ದುದನ್ನು ಮುಂದುವರಿಸಿದರು.