ಕೈ ತೊಳೆಯದ ಮಾಷ್ಟ್ರು, ಕಣಿಸೌತೆಯ ಬೀಜ

ವರ್ಕಾಡಿಯಲ್ಲಿ ನಮ್ಮ ನೆರೆಮನೆಯ ಅಕ್ಕ, ಕೊಯ್ಲು ಮುಗಿದ ಗದ್ದೆಯಲ್ಲಿ ಪ್ರತಿವರ್ಷ ಸೌತೆ ಹಾಕುತ್ತಾರೆ. ವಿಷು ಹಬ್ಬದ ಬೆಳಗ್ಗೆ ಎದ್ದು ಮೊದಲು ನೋಡುವ ಕಣಿಗೆ ಇಟ್ಟ ಹಳದಿ ಸೌತೆಯಿಂದಲೇ ಮುಂದಿನ ವರ್ಷದ ಬೀಜ. ಅವರ ಅತ್ತೆಯ ಕಾಲದಿಂದ ಆ ತಳಿ ತಪ್ಪಿಲ್ಲ. ನನಗೂ ಒಂದು ಹಿಡಿ ಕೊಟ್ಟಿದ್ದರು. ಮೂವತ್ತು ವರ್ಷ ಮಕ್ಕಳಿಗೆ ಜೀವಶಾಸ್ತ್ರ ಹೇಳಿ ನಿವೃತ್ತನಾದ ನಾನು ಅದನ್ನು ಮಾತ್ರೆಯ ಖಾಲಿ ಡಬ್ಬಿಗೆ ಸುರಿದು ಕಪಾಟಿನಲ್ಲಿಟ್ಟೆ. ಬಿತ್ತಿದ್ದು ಉಪ್ಪಳದ ಪೇಟೆಯಿಂದ ತಂದ ಹೈಬ್ರಿಡ್ ಪ್ಯಾಕೆಟ್.

"ಎಂತ ಮಾಷ್ಟ್ರೇ, ನನ್ನ ಬೀಜ ಹುಟ್ಟಿತಾ?"

"ಹುಟ್ಟಿದೆ ಅಕ್ಕ, ಭಾರೀ ಲಾಯ್ಕ್ ಉಂಟು," ಎಂದು ಹೈಬ್ರಿಡ್ ಬಳ್ಳಿಯನ್ನೇ ತೋರಿಸಿದೆ.

ಸ್ವಲ್ಪ ದಿನದಲ್ಲಿ ನನ್ನ ಬಳ್ಳಿಯ ಎಲೆಗಳು ಮುರುಟಿಕೊಂಡು, ಅಲ್ಲಲ್ಲಿ ತಿಳಿಹಸಿರು, ಅಲ್ಲಲ್ಲಿ ಕಡುಹಸಿರಾದವು. ಗೊಬ್ಬರ ಸಾಲದು ಎಂದು ನಾನೇ ತೀರ್ಪು ಕೊಟ್ಟೆ. ಒಂದಷ್ಟು ಕುಡಿ ಕತ್ತರಿಸಿ, ಅದೇ ಚಾಕು ಹಿಡಿದು ಅಕ್ಕನ ಗದ್ದೆಗೂ ಹೋದೆ, ಕುಡಿ ಕತ್ತರಿಸುವ ಕ್ರಮ ಕಲಿಸಲಿಕ್ಕೆ!

"ಕೆರೆಯಲ್ಲಿ ಕೈ ತೊಳೆದು ಬನ್ನಿ ಮಾಷ್ಟ್ರೇ. ತೊಳೆಯದೆ ಬಳ್ಳಿ ಮುಟ್ಟಲಿಕ್ಕಿಲ್ಲ."

"ಸೌತೆಗೂ ಮಡಿ-ಮೈಲಿಗೆ ಉಂಟಾ ಅಕ್ಕ?" ಎಂದು ನಕ್ಕು, ಮೂಢನಂಬಿಕೆಯ ಬಗ್ಗೆ ಸಣ್ಣ ಪಾಠವನ್ನೂ ಮಾಡಿ, ಒಂದು ಸಾಲು ಪೂರ್ತಿ ಕತ್ತರಿಸಿದೆ.

ಎರಡು ವಾರದಲ್ಲಿ ಅದೇ ಸಾಲು, ನಾನು ಕತ್ತರಿಸಿದ ಸಾಲು ಮಾತ್ರ, ಮುರುಟಿತು. ಆಗ ಈ ಮಂಡೆಗೆ ಹೊಳೆಯಿತು: ವೈರಸ್! ಸೌತೆ, ಕುಂಬಳ, ಹಾಗಲಕ್ಕೆ ಬರುವ ವೈರಸ್ ಒಂದೆರಡಲ್ಲ. ಕೆಲವು ಸಸ್ಯಹೇನಿನಿಂದ, ಕೆಲವು ಬಿಳಿನೊಣದಿಂದ, ಕೆಲವು ಬೀಜದೊಳಗೇ ಕೂತು, ಚಾಕು-ಕೈಗಳಿಗೆ ಅಂಟಿದ ರಸದಲ್ಲಿ ಬಳ್ಳಿಯಿಂದ ಬಳ್ಳಿಗೆ ಬರುತ್ತವೆ. ತಮ್ಮನ್ನು ನಕಲು ಮಾಡುವಾಗ ತಪ್ಪುತ್ತಾ ತಪ್ಪುತ್ತಾ ಅವು ಬದಲಾಗುತ್ತವೆ. ಒಂದೇ ಬಳ್ಳಿಗೆ ಎರಡು ಹೊಕ್ಕರೆ ತುಂಡು ಕೊಟ್ಟು ತುಂಡು ತೆಗೆದುಕೊಂಡು ಮೂರನೆಯದೂ ಆದೀತು. ಇಷ್ಟನ್ನು ಕ್ಲಾಸಿನಲ್ಲಿ ನಾನೇ ಹೇಳಿದ್ದೇನೆ. ನನ್ನ ನೋಟ್ಸ್ ಮಾತ್ರ ಮೂವತ್ತು ವರ್ಷದಲ್ಲಿ ಒಂದಕ್ಷರ ಬದಲಾಗಿರಲಿಲ್ಲ. ಲ್ಯಾಬಿಗೆ ಕಳಿಸಿ ನೋಡಿದವನಲ್ಲ, ಆದರೆ ಯಾರ ಕೈಯ ಕೆಲಸವೆಂದು ತಿಳಿಯಲು ಲ್ಯಾಬ್ ಯಾಕೆ? ಕೋತಿ ತಾನು ಕೆಡುವುದಲ್ಲದೆ ವನವನ್ನೆಲ್ಲ ಕೆಡಿಸಿತು.

ರೋಗ ಗದ್ದೆಯಿಡೀ ಹರಡಿತು. ಅಕ್ಕ ಇದ್ದ ಬೀಜವನ್ನೆಲ್ಲ ಬಿತ್ತಿದ್ದರು. ಆ ವರ್ಷ ಅವರ ಮನೆಯ ಕಣಿಗೆ ಅಂಗಡಿಯ ಸೌತೆ ಬಂತು. "ಅತ್ತೆ ಕೊಟ್ಟ ಬೀಜ ನನ್ನ ಕೈಯಲ್ಲಿ ಹೋಯಿತಲ್ಲ," ಎಂದು ಕಣ್ಣೊರೆಸಿಕೊಂಡರು. ಮಾಷ್ಟ್ರ ಕೈಯಲ್ಲಿ ಎನ್ನಲಿಲ್ಲ. ನನಗೆ ನೆಲಕ್ಕಿಳಿದು ಹೋಗುವ ಹಾಗಾಯಿತು.

ಮನೆಗೆ ಓಡಿ ಕಪಾಟಿನಲ್ಲಿದ್ದ ಬೀಜದ ಡಬ್ಬಿ ತಂದೆ. ಅದನ್ನು ಕೊಡಬೇಕಾದರೆ ಸುಳ್ಳು ಒಪ್ಪಿಕೊಳ್ಳಲೇಬೇಕು. ಒಪ್ಪಿಕೊಂಡೆ, ಚಾಕುವಿನ ಕತೆಯನ್ನೂ ಸೇರಿಸಿ.

ಅಕ್ಕ ಡಬ್ಬಿಗೆ ಕೈ ಚಾಚಲಿಲ್ಲ. "ಅಲ್ಲಿ ಜಗಲಿಯಲ್ಲಿ ಇಡಿ. ಕೈ ತೊಳೆದು ಬನ್ನಿ," ಎಂದರು.

ಸೋಪು ಹಾಕಿ ಮೊಣಕೈವರೆಗೆ ತೊಳೆದು ಬಂದೆ. ಅವರು ಅರ್ಧ ಬೀಜ ತೆಗೆದುಕೊಂಡು ಡಬ್ಬಿಯನ್ನು ನನಗೇ ವಾಪಸು ಕೊಟ್ಟರು.

"ಇದು ನಿಮ್ಮಲ್ಲೇ ಇರಲಿ ಮಾಷ್ಟ್ರೇ. ಬಿತ್ತಲಿಕ್ಕೆ ಹೋಗಬೇಡಿ. ನಿಮ್ಮ ಉದಾಸೀನದಲ್ಲಿ ಭದ್ರ ಇರ್ತದೆ."